ಹಳೆಯ ಕಾರ್ ಶೆಡ್ಡಿನ ಹೊರಗೋಡೆಗೆ ಬಣ್ಣ ಬಳಿಯುವ ಮೊದಲು

ಜಯನಗರದ ನಮ್ಮ ಹಳೆಯ ಮನೆಯ ಕಾರ್ ಶೆಡ್ಡಿನ ಹೊರಭಾಗವನ್ನು ಕಳೆದ ಜನವರಿಯಲ್ಲಿ ನಾನೇ ಸರಿಪಡಿಸಿದ್ದರಿಂದ, ಇಂಥದೇ ಕೆಲಸಕ್ಕೆ ಕೈಹಾಕಲಿರುವ ಬಡಾವಣೆಯ ಮಿತ್ರರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಮಳೆಯನ್ನು ನಂಬುವಂತಿಲ್ಲ; ಜನವರಿ, ಫೆಬ್ರವರಿಯ ಒಣ ದಿನಗಳೇ ಇದಕ್ಕೆ ತಕ್ಕವು.

ಬಣ್ಣಕ್ಕಿಂತ ಗೋಡೆಯ ತಯಾರಿಗೇ ಹೆಚ್ಚು ಸಮಯ ಮೀಸಲಿಡಬೇಕು. ಗೋಡೆಯನ್ನು ಅಂಗೈಯಿಂದ ಒಮ್ಮೆ ಉಜ್ಜಿ ನೋಡಿ. ಸುಣ್ಣದ ಪುಡಿ ಕೈಗೆ ಹತ್ತಿದರೆ, ಅದರ ಮೇಲೆ ಎಷ್ಟೇ ದುಬಾರಿ ಎಮಲ್ಷನ್ ಬಣ್ಣ ಬಳಿದರೂ ಮುಂದಿನ ಮಳೆಗಾಲಕ್ಕೆ ಹಪ್ಪಳದಂತೆ ಎದ್ದುಬರುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಗೋಡೆಯನ್ನು ಒದ್ದೆ ಮಾಡಿಕೊಂಡು, ಮಾಸ್ಕ್ ಧರಿಸಿಯೇ ಕೆರೆಯಬೇಕು; ಪಾಚಿ ಕಟ್ಟಿದ ಕಡೆ ಬ್ಲೀಚಿಂಗ್ ಪೌಡರ್ ಬೆರೆಸಿದ ನೀರಿನಿಂದ ಉಜ್ಜಿ, ತೊಳೆದು, ಪೂರ್ತಿ ಒಣಗಲು ಬಿಡಬೇಕು. ಗಾರೆ ಕಿತ್ತುಹೋದಲ್ಲಿ ಹೊಸದಾಗಿ ಸಿಮೆಂಟ್ ಮೆತ್ತಿದರೆ 7 ದಿನ ನೀರುಣಿಸಿ, ಒಟ್ಟು 28 ದಿನಗಳಾದ ಬಳಿಕ ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ತಳಲೇಪ) ಹಚ್ಚುವುದು ಕ್ಷೇಮ. ನಾನು ಅವಸರಪಟ್ಟು ಹತ್ತನೆಯ ದಿನವೇ ಬಳಿದೆ. ಅದರಿಂದಾಗಿ ಶಟರಿನ ಎಡಬದಿಯ ಗೋಡೆಯಲ್ಲಿ ಬಿಳಿಯ ಉಪ್ಪಿನ ಕಲೆ ಇಂದಿಗೂ ಕಾಣುತ್ತದೆ. ಪ್ರೈಮರ್ ಒಣಗಿದ ಮೇಲೆ ಎಮಲ್ಷನ್ನಿನ ಎರಡು ಕೋಟ್ ಬಳಿಯುವುದು ಒಂದು ದಿನದ ಕೆಲಸ.

ಕಬ್ಬಿಣದ ಶಟರಿನ ತುಕ್ಕನ್ನು ಉಪ್ಪುಕಾಗದದಿಂದ ತಿಕ್ಕಿ ತೆಗೆದು, ತುಕ್ಕು ತಡೆಯುವ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ, ಅದು ಒಣಗಿದ ನಂತರ ಎನಾಮಲ್ ಬಣ್ಣವನ್ನು ತೆಳುವಾಗಿ ಎರಡು ಸಲ ಬಳಿಯಬೇಕು. ಬಣ್ಣ ಗಟ್ಟಿಯಾಗುವ ಮೊದಲೇ ಶಟರನ್ನು ಮೇಲಕ್ಕೆತ್ತಿದರೆ ಪಟ್ಟಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆಯಾದ್ದರಿಂದ, ಕಾರನ್ನು ಹಿಂದಿನ ರಾತ್ರಿಯೇ ಹೊರಗೆ ನಿಲ್ಲಿಸಿರಿ.