ರಿಮೋಟ್ ಹಿಡಿದು ಆಡುವ ಹಳೆಯ ಬ್ರಿಟಿಷ್ ಹಾಸ್ಯಚಿತ್ರಗಳ ಕ್ವಿಜ್: ನನ್ನ ಅನುಭವ

ಫೋನಿನಲ್ಲಿ ಆಡುವ ಕ್ವಿಜ್‌ಗಳು ಬೇಕಾದಷ್ಟು ಸಿಗುವಾಗ ಡಿವಿಡಿ ಮೆನುವಿನಲ್ಲಿ ಆಟ ಕಟ್ಟುವುದು ವ್ಯರ್ಥ ಶ್ರಮವೆಂದು ನನಗೆ ಹೇಳದವರಿಲ್ಲ. ಈ ಕೆಲಸ ಬಲ್ಲ ಇಬ್ಬರು ಗೆಳೆಯರಂತೂ ಆ ಕಾಲ ಮುಗಿಯಿತೆಂದು ಖಂಡಿತವಾಗಿಯೇ ಹೇಳಿದ್ದರು. ಇಂಗ್ಲೆಂಡಿನ ಸ್ಲೌನಲ್ಲಿರುವ ನನ್ನ ಮನೆಯಿಂದ ಪೈನ್‌ವುಡ್ ಚಲನಚಿತ್ರ ಸ್ಟುಡಿಯೊ ಕೆಲವೇ ಮೈಲಿಗಳ ದೂರದಲ್ಲಿದೆ. ನಮ್ಮ ಬೀದಿಯ ಹಿರಿಯರು ಅಲ್ಲಿ ತಯಾರಾದ 'ಕ್ಯಾರಿ ಆನ್' ಹಾಸ್ಯಚಿತ್ರಗಳನ್ನು ಬಾಯಿಪಾಠ ಮಾಡಿಕೊಂಡವರು. ತಿಂಗಳಿಗೊಮ್ಮೆ ಏಳೆಂಟು ಮಂದಿ ನಮ್ಮಲ್ಲಿ ಸೇರುತ್ತಾರೆ. ಫೋನಿನಲ್ಲಿ ಆಡಿಸಿದ ದಿನಗಳಲ್ಲಿ ಅವರು ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಪ್ರಶ್ನೆಯ ಅವಧಿಯೇ ಮುಗಿದಿರುತ್ತಿತ್ತು, ಉತ್ತರ ಗೊತ್ತಿದ್ದವರೂ ಸೋತು ಸುಮ್ಮನೆ ಕುಳಿತುಬಿಡುತ್ತಿದ್ದರು. ಟಿವಿಯ ರಿಮೋಟ್ ಮಾತ್ರ ಅವರೆಲ್ಲರ ಕೈಗೆ ಪಳಗಿದ ಸಾಧನ. ಹಾಗಾಗಿ ಆಟವನ್ನು ರಿಮೋಟಿನ ನಾಲ್ಕು ಬಾಣಗಳಿಗೂ ಒಂದು ಒತ್ತುಗುಂಡಿಗೂ ಇಳಿಸಲೇಬೇಕೆಂದು ನಿರ್ಧರಿಸಿದೆ.

ಮೊದಲ ಮೂರು ತಿಂಗಳು ಸೋಲಿನಲ್ಲೇ ಕಳೆದವು. ಮೆನುವಿನ ಹಿನ್ನೆಲೆ ಚಿತ್ರಕ್ಕೆ ಎಷ್ಟು ಬಣ್ಣಗಳಾದರೂ ಸಲ್ಲುತ್ತವೆ, ಆದರೆ ಬಟನ್ನಿನ ಮೇಲೆ ಹೊಳೆಯುವ ಪದರಕ್ಕೆ ನಾಲ್ಕೇ ಬಣ್ಣಗಳು ಎಂಬುದು ನನಗೆ ತಿಳಿದಿತ್ತು. ಅಕ್ಷರಗಳ ಅಂಚನ್ನು ನುಣುಪುಗೊಳಿಸುವಾಗ ತಂತ್ರಾಂಶವು ಸದ್ದಿಲ್ಲದೆ ಹತ್ತಾರು ನಡುಛಾಯೆಗಳನ್ನು ಸೇರಿಸುತ್ತದೆ ಎಂಬುದು ಹೊಳೆಯಲು ಎರಡು ವಾರ ಬೇಕಾಯಿತು. ನುಣುಪನ್ನು ತೆಗೆದು, ಅಕ್ಷರವನ್ನು ಹಿನ್ನೆಲೆಗೆ ಸೇರಿಸಿ, ಪದರದಲ್ಲಿ ಬರಿಯ ಚೌಕಟ್ಟನ್ನು ಉಳಿಸಿದ ಮೇಲೆ ಆ ಕಾಟ ತಪ್ಪಿತು. ಅನಂತರ ಚಿತ್ರಮಾಲೆಗೊಂದರಂತೆ ಡಿಸ್ಕಿನಲ್ಲಿ ಬೇರೆ ಬೇರೆ ವಿಭಾಗ, ಅಂದರೆ ಟೈಟಲ್‌ಸೆಟ್ ಮಾಡಿ ಇನ್ನೊಂದು ತಪ್ಪು ಮಾಡಿದೆ. ಒಂದು ಸೆಟ್ಟಿನ ಪ್ರಶ್ನೆಯಿಂದ ಇನ್ನೊಂದಕ್ಕೆ ನೇರವಾಗಿ ಹಾರಲು ಆಗುವುದಿಲ್ಲ, ಪ್ರತಿ ಸಲವೂ ಮುಖ್ಯ ಮೆನುವನ್ನು ಹಾದು ಬರಬೇಕು. ಹಾಗೆ ಬರುವಾಗ ಹಳೆಯ ಪ್ಲೇಯರುಗಳಲ್ಲಿ ಪರದೆ ಎರಡು ಮೂರು ಕ್ಷಣ ಕಪ್ಪಾಗಿ ನಿಲ್ಲುತ್ತಿತ್ತು. ಎಲ್ಲ ಪ್ರಶ್ನೆಗಳನ್ನೂ ಒಂದೇ ಸೆಟ್ಟಿಗೆ ತಂದ ದಿನ ಆಟಕ್ಕೆ ಓಟ ಬಂದಿತು.

ಕೇಳಿದ ಪ್ರಶ್ನೆ ಮತ್ತೆ ಬಾರದಂತೆ ತಡೆಯುವುದೇ ನಿಜವಾದ ಕಷ್ಟ. ಪ್ಲೇಯರಿನಲ್ಲಿರುವುದು 16 ರಿಜಿಸ್ಟರುಗಳು, ಅಂದರೆ ಸಂಖ್ಯೆಗಳನ್ನು ನೆನಪಿಡುವ ಪುಟ್ಟ ಖಾನೆಗಳು. ಡಿವಿಡಿ‌ಆಥರ್ ಎಂಬ ಡಿಸ್ಕ್ ಕಟ್ಟುವ ತಂತ್ರಾಂಶ ತನ್ನ ಕೆಲಸಕ್ಕೆ ಕೊನೆಯ ಮೂರನ್ನು ಇಟ್ಟುಕೊಂಡರೆ ನಮಗೆ ಉಳಿಯುವುದು 13. ಒಂದೊಂದು ಪ್ರಶ್ನೆಗೆ ಒಂದೊಂದು ರಿಜಿಸ್ಟರ್ ಕೊಡುತ್ತಿದ್ದ ನನ್ನ ಮೊದಲ ಯೋಜನೆ ಒಂಬತ್ತನೆಯ ಪ್ರಶ್ನೆಗೇ ಮುಗ್ಗರಿಸಿತು. ಪ್ರತಿ ರಿಜಿಸ್ಟರಿನಲ್ಲಿ ಸೊನ್ನೆ ಅಥವಾ ಒಂದನ್ನು ಹಿಡಿಯುವ 16 ಬಿಟ್‌ಗಳಿರುವುದರಿಂದ ಪ್ರಶ್ನೆಗೊಂದು ಬಿಟ್ ಕೊಟ್ಟು, ಮೂರೇ ರಿಜಿಸ್ಟರುಗಳಲ್ಲಿ 48 ಪ್ರಶ್ನೆಗಳ ಲೆಕ್ಕವಿಟ್ಟೆ. ಎರಡು ತಂಡಗಳ ಅಂಕ, ಸುತ್ತು, ಸರದಿ ಎಲ್ಲ ಸೇರಿಯೂ ಇನ್ನೂ ನಾಲ್ಕೈದು ರಿಜಿಸ್ಟರುಗಳು ಖಾಲಿ ಉಳಿದಿವೆ. ಆ ಕಾಲ ಮುಗಿಯಿತೆಂದ ಗೆಳೆಯರಿಗೆ ಈ ಲೆಕ್ಕದ ಹಾಳೆಯನ್ನು ಸಂತೋಷದಿಂದಲೇ ತೋರಿಸಿದ್ದೇನೆ.

ಆದರೂ ದತ್ತಿ ಅಂಗಡಿಯಲ್ಲಿ ಕೊಂಡ ಒಂದು ಪ್ಲೇಯರ್ ಪ್ರತಿ ಸಲ ಆನ್ ಮಾಡಿದಾಗಲೂ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳುತ್ತಿತ್ತು. ಅದರ ಯಾದೃಚ್ಛಿಕ ಸಂಖ್ಯೆ ಎಂದೂ ಬದಲಾಗುತ್ತಿರಲಿಲ್ಲ, ಮೂರನೆಯ ಸಲಕ್ಕೆ ಪಕ್ಕದ ಮನೆಯ ಅಜ್ಜಿ ಮುಂದಿನ ಪ್ರಶ್ನೆ ಯಾವುದೆಂದು ಮೊದಲೇ ಹೇಳತೊಡಗಿದರು. ಒಂದು ರಿಜಿಸ್ಟರನ್ನು ಸೆಕೆಂಡ್ ಎಣಿಸುವ ಗಡಿಯಾರವನ್ನಾಗಿ ಮಾಡಿ, ಸ್ವಾಗತದ ಪರದೆ ಮೂಡಿದಾಗಿನಿಂದ 'ಆಟ ಆರಂಭಿಸಿ' ಒತ್ತುವವರೆಗಿನ ಕಾಲವನ್ನೇ ಪ್ರಶ್ನೆಗಳ ಕ್ರಮಕ್ಕೆ ಮೂಲವಾಗುವ ಬೀಜಸಂಖ್ಯೆಯಾಗಿ ಬಳಸಿದೆ. ಜನ ಚಹಾ ಹಿಡಿದು ಕೂರುವ ಹೊತ್ತು ಯಾವ ದಿನವೂ ಒಂದೇ ಆಗಿರುವುದಿಲ್ಲ. ಆ ಸಂಖ್ಯೆಯಿಂದ ಮುಂದಿನ ಪ್ರಶ್ನೆಗೆ ಹೇಗೆ ಜಿಗಿಯುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹಣದ ಲೆಕ್ಕ ನೆನಪಿನಿಂದ ಹೇಳುವುದಾದರೆ, ಬರೆಯುವ ಡ್ರೈವಿಗೆ 22 ಪೌಂಡ್, 50 ಖಾಲಿ ಡಿಸ್ಕುಗಳ ಎರಡು ಕಟ್ಟಿಗೆ 24ರಷ್ಟು, ಪರೀಕ್ಷೆಗೆಂದು ತಂದ ಮೂರು ಹಳೆಯ ಪ್ಲೇಯರುಗಳಿಗೆ 20 ಪೌಂಡ್ ಆಗಿರಬೇಕು. ಡಿಸ್ಕುಗಳಲ್ಲಿ 35ಕ್ಕೂ ಹೆಚ್ಚು ಕಸದ ಬುಟ್ಟಿ ಸೇರಿದವು. ಒಂದು ಅಂಗಡಿಯಲ್ಲಿ 9 ಪೌಂಡ್ ಕೊಟ್ಟು ಮುದ್ರಿಸಿದ ಕಾಗದದ ಲೇಬಲ್‌ಗಳು ಬಿಸಿಗೆ ಅಂಚಿನಲ್ಲಿ ಎದ್ದು, ಒಂದಂತೂ ಪ್ಲೇಯರಿನೊಳಗೇ ಸುಲಿದು ಸಿಕ್ಕಿಹಾಕಿಕೊಂಡಿತು. ಅಂದಿನಿಂದ ಡಿಸ್ಕಿನ ಮೇಲೆ ಪೆನ್ನಿನಲ್ಲೇ ಬರೆಯುತ್ತೇನೆ.

ಚಿತ್ರದ ತುಣುಕನ್ನಾಗಲಿ ಧ್ವನಿಯನ್ನಾಗಲಿ ನಾನು ಬಳಸಿಲ್ಲ, ಹಕ್ಕು ನಮ್ಮದಲ್ಲ. ಪ್ರಶ್ನೆಯ ಪರದೆಗೆ ನಾನೇ ಗೆರೆಚಿತ್ರ ಬರೆದೆ, ಪ್ರಶ್ನೆಗಳನ್ನು ಅದೇ ಅಜ್ಜಿಯ ಧ್ವನಿಯಲ್ಲಿ ಅಡುಗೆಮನೆಯ ಮೇಜಿನ ಬಳಿ ಧ್ವನಿಮುದ್ರಿಸಿಕೊಂಡೆ. ಅವರ ನಿಧಾನದ ಉಚ್ಚಾರಣೆಗೆ ತಕ್ಕಂತೆ 15 ಸೆಕೆಂಡ್ ಇದ್ದ ಅವಧಿಯನ್ನು 25ಕ್ಕೆ ಏರಿಸಬೇಕಾಯಿತು, ಆಟಕ್ಕೆ ಅದರಿಂದ ಒಳ್ಳೆಯದೇ ಆಯಿತು.

ಸಂಖ್ಯೆ ಕೇಳುವ ಪ್ರಶ್ನೆಗಳು ನನ್ನನ್ನು ಬಹಳ ದಣಿಸಿದವು. 'ಕೈಂಡ್ ಹಾರ್ಟ್ಸ್ ಅಂಡ್ ಕೊರೊನೆಟ್ಸ್' ಚಿತ್ರದಲ್ಲಿ ನಟ ಅಲೆಕ್ ಗಿನ್ನೆಸ್ ಎಷ್ಟು ಪಾತ್ರ ಮಾಡಿದ್ದಾರೆಂದು ಕೇಳಿ, ಎಂಟು ಎಂಬುದನ್ನು ಸರಿಯುತ್ತರವಾಗಿ ಇಟ್ಟಿದ್ದೆ. ಒಂಬತ್ತು ಎಂದು ಎಣಿಸುವವರೂ ಇದ್ದಾರೆ. ಆ ಸಂಜೆ ಅಂಥವರೊಬ್ಬರು ನಮ್ಮ ಸೋಫಾದ ಮೇಲೆಯೇ ಕುಳಿತಿದ್ದರು, ಮುಕ್ಕಾಲು ಗಂಟೆ ಆಟ ನಿಂತುಹೋಯಿತು. 'ಕ್ಯಾರಿ ಆನ್' ಮಾಲೆಯ ಎಣಿಕೆಯೂ ಹಾಗೆಯೇ: 31 ಎನ್ನಬೇಕಾದರೆ ಹಳೆಯ ದೃಶ್ಯಗಳನ್ನು ಜೋಡಿಸಿ ಮಾಡಿದ ಸಂಕಲನವನ್ನೂ 1992ರ ಕೊಲಂಬಸ್ ಚಿತ್ರವನ್ನೂ ಸೇರಿಸಬೇಕು. ಅದಕ್ಕೆ ಬದಲಾಗಿ ಕಣ್ಣಿಟ್ಟು ನೋಡಿದವರಿಗೆ ಮಾತ್ರ ದಕ್ಕುವ ಪ್ರಶ್ನೆಗಳನ್ನು ಹುಡುಕಿದೆ. 1968ರ 'ಅಪ್ ದ ಖೈಬರ್' ಚಿತ್ರದ ಕಣಿವೆ ನಿಜದಲ್ಲಿ ವೇಲ್ಸಿನ ಸ್ನೋಡೋನಿಯಾ. ಬೇಸಗೆಯ ಕಥೆಯ 'ಕ್ಯಾಂಪಿಂಗ್' ಚಿತ್ರವನ್ನು ಶರತ್ಕಾಲದ ಕೊನೆಯಲ್ಲಿ ಪೈನ್‌ವುಡ್ಡಿನ ತೋಟದಲ್ಲಿ ಚಿತ್ರಿಸಿದ್ದರಿಂದ ಕೆಸರಿಗೆ ಹಸಿರು ಬಣ್ಣ ಹೊಡೆಯಬೇಕಾಗಿತ್ತು. 'ದ ಲ್ಯಾವೆಂಡರ್ ಹಿಲ್ ಮಾಬ್' ಚಿತ್ರದ ಆರಂಭದಲ್ಲೇ ನಟಿ ಆಡ್ರಿ ಹೆಪ್ಬರ್ನ್ ಕ್ಷಣಕಾಲ ಬಂದು ಹೋಗುತ್ತಾರೆ. ಇಂಥ ಪ್ರಶ್ನೆಗೆ ಉತ್ತರ ಹೊಳೆದಾಗ ಮುಖ ಅರಳುವುದನ್ನು ನೋಡುವುದಕ್ಕಾಗಿಯೇ ನಾನು ಇಷ್ಟು ದುಡಿದದ್ದು. ತಪ್ಪು ಆಯ್ಕೆಗಳನ್ನು ಹೇಗೆ ಹೊಂದಿಸುತ್ತೇನೆ ಎಂಬುದು ನನ್ನ ಎರಡನೆಯ ಗುಟ್ಟು.

ನಡುವೆ ಬಜರ್ ಪೆಟ್ಟಿಗೆಯ ಪ್ರಯೋಗಕ್ಕೂ ಇಳಿದೆ. ಇಬ್ಬರ ಕೈಗೂ ಒಂದೊಂದು ರಿಮೋಟ್ ಕೊಟ್ಟಾಗ ಒಂದರ ಸಂಕೇತ ಇನ್ನೊಂದನ್ನು ಕೆಡಿಸುತ್ತಿತ್ತು. ಆರ್ಡುಯಿನೋ ಊನೊ ಎಂಬ ಪುಟ್ಟ ನಿಯಂತ್ರಕ ಫಲಕ ಮತ್ತು ಅಂಗೈಯಗಲದ ಎರಡು ಗುಂಡಿಗಳನ್ನು ಕೂಡಿಸಿ, ಮೊದಲು ಒತ್ತಿದವರ ದೀಪ ಮಾತ್ರ ಹತ್ತುವಂತೆ ಮಾಡಿದೆ. ಸುಮಾರು 28 ಪೌಂಡ್ ತಗುಲಿತು. ದೀಪ ಹತ್ತಿದ ತಂಡಕ್ಕೆ ರಿಮೋಟ್ ಹೋಗುತ್ತದೆ. ಸಂಧಿವಾತದಿಂದ ಬೆರಳು ಮಡಚಲಾಗದ ಒಬ್ಬ ಹಿರಿಯರು ಅಂಗೈಯಿಂದಲೇ ಗುಂಡಿಯನ್ನು ತಟ್ಟುತ್ತಾರೆ, ಈಚೆಗೆ ಎಲ್ಲರಿಗಿಂತ ಮೊದಲು ಅವರ ದೀಪವೇ ಹೊತ್ತುತ್ತಿದೆ.

ಈಗ ಬೀದಿಯ ಆರು ಮನೆಗಳಲ್ಲಿ ಈ ಡಿಸ್ಕ್ ಇದೆ. ಸಂದೇಹಪಟ್ಟಿದ್ದ ಗೆಳೆಯರಲ್ಲಿ ಒಬ್ಬರು ರೆಡಿಂಗಿನಲ್ಲಿರುವ ತಮ್ಮ ಮಾವನವರಿಗೆಂದು ಒಂದನ್ನು ಕೇಳಿ ಪಡೆದರು. ಸದ್ಯ ಈಲಿಂಗ್ ಸ್ಟುಡಿಯೊದ ಚಿತ್ರಗಳದ್ದೇ ಪ್ರತ್ಯೇಕ ಡಿಸ್ಕ್ ಕಟ್ಟುತ್ತಿದ್ದೇನೆ. 'ಟಿಟ್‌ಫೀಲ್ಡ್ ಥಂಡರ್‌ಬೋಲ್ಟ್' ಚಿತ್ರದ ರೈಲನ್ನು ಎಳೆದ 1838ರ 'ಲಯನ್' ಎಂಜಿನ್ನಿನ ಗೆರೆಚಿತ್ರ ಮುಗಿದಿದೆ. ಅದರ ಎತ್ತರದ ಚಿಮಣಿ ಟಿವಿಯ ಅಂಚಿಗೆ ಕತ್ತರಿಸಿಹೋಗದಂತೆ ಎಲ್ಲವನ್ನೂ ಮತ್ತೊಮ್ಮೆ ಕಿರಿದುಗೊಳಿಸುತ್ತಿದ್ದೇನೆ.