ಡ್ರಮ್ಮಿನಲ್ಲಿ ನಾಲ್ಕು ಬೆರಳು ಡೀಸೆಲ್: ಜಾಂಬಿಯಾದ ಹಾದಿಗಳಲ್ಲಿ ನನ್ನ ಅನುಭವ

ನಮ್ಮಲ್ಲಿ ಭಾನುವಾರದ ಬಲಿಪೂಜೆಯ, ಅಂದರೆ ಚರ್ಚಿನ ಆರಾಧನೆಯ, ಸಿದ್ಧತೆ ಶನಿವಾರ ಮಧ್ಯಾಹ್ನ ಷೆಡ್ಡಿನಲ್ಲಿ ಆರಂಭವಾಗುತ್ತದೆ. ಅಲ್ಲಿರುವ 200 ಲೀಟರಿನ ಡ್ರಮ್ಮಿನೊಳಗೆ ಬಿದಿರಿನ ಕೋಲೊಂದನ್ನು ಇಳಿಸಿ, ಒದ್ದೆಯಾದ ಭಾಗವನ್ನು ಬೆರಳಿನಿಂದ ಅಳೆದು, ಈ ವಾರ ಎಷ್ಟು ದೂರ ಹೋಗಬಹುದೆಂದು ನಾನೂ, ಗುರುವಿಗೆ ನೆರವಾಗಿ ಜನರಿಗೆ ಧರ್ಮಬೋಧನೆ ಮಾಡುವ ನಮ್ಮ ಉಪದೇಶಿಯೂ ಲೆಕ್ಕ ಹಾಕುತ್ತೇವೆ. ಒಂದು ಗೇಣು ಇದ್ದರೆ ಗಡಿಯ ಕಡೆಯ ಉಪಕೇಂದ್ರಕ್ಕೂ, ಅಂದರೆ ನಮ್ಮ ಹಳ್ಳಿಚರ್ಚಿಗೂ, ಧೈರ್ಯವಾಗಿ ಹೋಗಿಬರಬಹುದು. ನಾಲ್ಕು ಬೆರಳಾದರೆ ಹತ್ತಿರದ ಒಂದೆರಡು ಮಾತ್ರ. ಗುರುಮಠದಲ್ಲಿ ನಾನು ಓದಿದ ದೈವಶಾಸ್ತ್ರದಲ್ಲಿ ಈ ಅಧ್ಯಾಯ ಇರಲಿಲ್ಲ.

ನಾನು ದಕ್ಷಿಣ ಕನ್ನಡದವನು. ಜಾಂಬಿಯಾದ ಪೂರ್ವ ಪ್ರಾಂತ್ಯದಲ್ಲಿ, ಕಟೇಟೆ ಪಟ್ಟಣದಿಂದ ದಕ್ಷಿಣಕ್ಕೆ ಮೊಜಾಂಬಿಕ್ ಗಡಿಯತ್ತ ಹಬ್ಬಿರುವ ಒಂದು ಕಥೋಲಿಕ ಧರ್ಮಕೇಂದ್ರದಲ್ಲಿ ಗುರುವಾಗಿದ್ದೇನೆ. ನಮಗೆ ಹದಿನೆಂಟು ಉಪಕೇಂದ್ರಗಳಿವೆ. ಹತ್ತಿರದ್ದು 7 ಕಿ.ಮೀ., ದೂರದ್ದು 64. ಇಬ್ಬರು ಗುರುಗಳು ಸರದಿಯ ಮೇಲೆ ಓಡಾಡಿದರೂ ಒಂದೊಂದು ಉಪಕೇಂದ್ರಕ್ಕೆ ಐದಾರು ವಾರಕ್ಕೊಮ್ಮೆಯಷ್ಟೇ ಪೂಜೆ ಸಿಗುತ್ತದೆ. ಉಳಿದ ಭಾನುವಾರಗಳಲ್ಲಿ ಊರಿನ ಹಿರಿಯರೇ ವಾಚನಗಳನ್ನು ಓದಿ, ಹಾಡಿ, ಪ್ರಾರ್ಥನೆ ನಡೆಸುತ್ತಾರೆ. ಇಲ್ಲಿನ ಧರ್ಮಸಭೆ ನಿಂತಿರುವುದು ಅವರ ಮೇಲೆಯೇ ಹೊರತು ನನ್ನ ಮೇಲಲ್ಲ ಎಂಬುದು ನನಗೆ ಮೊದಲ ಮಳೆಗಾಲದಲ್ಲೇ ಸ್ಪಷ್ಟವಾಯಿತು. ಏಕೆಂದರೆ ಆ ಮಳೆಗಾಲದಲ್ಲಿ ಮೂರು ಉಪಕೇಂದ್ರಗಳಿಗೆ ನಾನು ಹತ್ತು ವಾರ ಕಾಲಿಡಲಾಗಲಿಲ್ಲ, ಅಲ್ಲಿ ಒಂದು ಭಾನುವಾರವೂ ಪ್ರಾರ್ಥನೆ ತಪ್ಪಲಿಲ್ಲ.

ರಾಜಧಾನಿ ಲುಸಾಕಾದಿಂದ ಚಿಪಾಟದವರೆಗೆ ಬರುವ ಗ್ರೇಟ್ ಈಸ್ಟ್ ರೋಡ್ ಸುಮಾರು 570 ಕಿ.ಮೀ. ಉದ್ದದ ಡಾಂಬರು ರಸ್ತೆ. ನಮ್ಮ ದೇಶದಂತೆ ಇಲ್ಲಿಯೂ ಎಡಬದಿಯಲ್ಲೇ ಓಡಿಸುವುದರಿಂದ ಕೈಗೆ ಹೊಸದೇನನ್ನೂ ಕಲಿಸಬೇಕಾಗಲಿಲ್ಲ. ಲುವಾಂಗ್ವಾ ನದಿಯ ಕಣಿವೆಗೆ ಇಳಿಯುವ ತಿರುವುಗಳಲ್ಲಿ ಚಾರ್ಮಾಡಿ ಘಾಟಿಯ ಅಭ್ಯಾಸವೇ ನೆರವಿಗೆ ಬಂತು: ಬ್ರೇಕ್ ಮೇಲೆ ಕಾಲು ಕುಟ್ಟದೆ, ಕೆಳಗಿನ ಗಿಯರಿನಲ್ಲಿ ಎಂಜಿನ್ನಿಗೆ ಭಾರ ಬಿಟ್ಟು ಇಳಿಯುವುದು. ಮುಂದೆ ದಾರಿಯಲ್ಲಿ ಎಲೆಗಳಿರುವ ಟೊಂಗೆಗಳನ್ನು ಸಾಲಾಗಿ ಹಾಕಿದ್ದರೆ ತಿರುವಿನಾಚೆ ಲಾರಿ ಕೆಟ್ಟು ನಿಂತಿದೆ ಎಂದರ್ಥ. ಇದನ್ನೂ ಯಾರೂ ಹೇಳಿಕೊಡಬೇಕಾಗಲಿಲ್ಲ, ಶಿರಾಡಿಯಲ್ಲೂ ಇದೇ ಭಾಷೆ. ಸಣ್ಣ ಲಾರಿಯನ್ನು ಇಲ್ಲಿಯೂ ಕ್ಯಾಂಟರ್ ಎಂದೇ ಕರೆಯುತ್ತಾರೆ. ಹೊಸದಾಗಿ ಕಲಿಯಬೇಕಾದದ್ದು ಕತ್ತಲು. ದೀಪವಿಲ್ಲದ ಸೈಕಲ್ಲುಗಳ ಮೇಲೆ ಇದ್ದಿಲಿನ ಮೂಟೆಗಳು ಮನುಷ್ಯನೆತ್ತರಕ್ಕೆ ಹೇರಿರುತ್ತವೆ, ಆಡುಗಳು ಬೆಚ್ಚಗಿನ ಡಾಂಬರಿನ ಮೇಲೆ ಮಲಗಿರುತ್ತವೆ. ಪ್ರಯಾಣಿಕರ ಬಸ್ಸುಗಳು ರಾತ್ರಿ 9ರಿಂದ ಬೆಳಗಿನ 5ರವರೆಗೆ ಓಡಬಾರದೆಂದು ಸರ್ಕಾರ 2016ರಲ್ಲಿ ನಿಯಮ ಮಾಡಿದೆ. ನಾನು ಅದಕ್ಕಿಂತ ಕಟ್ಟುನಿಟ್ಟು. ಸಂಜೆ ಐದೂವರೆಯ ಹೊತ್ತಿಗೆ ಎಲ್ಲಿದ್ದೇನೋ ಅಲ್ಲಿಯೇ ಒಂದು ಧರ್ಮಕೇಂದ್ರದ ಬಾಗಿಲು ತಟ್ಟುತ್ತೇನೆ.

ಆದರೆ ಡಾಂಬರು ರಸ್ತೆಯ ಮಾತು ಬೇಗ ಮುಗಿಯುತ್ತದೆ. ನನ್ನ ಕೆಲಸವಿರುವುದು ಅದರಿಂದ ಕವಲೊಡೆದು ಮೆಕ್ಕೆಜೋಳ, ಹತ್ತಿ, ಶೇಂಗಾ ಹೊಲಗಳ ನಡುವೆ ಹೋಗುವ ಮಣ್ಣಿನ ಹಾದಿಗಳಲ್ಲಿ. ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆ. ಆಗ ‘ಡಾಂಬೊ’ ಎಂದು ಇಲ್ಲಿನವರು ಕರೆಯುವ ಹುಲ್ಲಿನ ತಗ್ಗುಗಳು ನೀರು ಹಿಡಿದು, ಅವುಗಳ ಕರಿಮಣ್ಣು ನಮ್ಮ ಬಯಲುಸೀಮೆಯ ಎರೆಮಣ್ಣಿನಂತೆಯೇ ಚಕ್ರವನ್ನು ನುಂಗುತ್ತದೆ. ಮೇಲೆ ಹಸಿರು ಹುಲ್ಲು ಕಾಣುವುದರಿಂದ ಗಟ್ಟಿ ನೆಲವೆಂದು ಮೋಸಹೋಗುವುದು ಸುಲಭ. ಈಗ ನಾನು ವಾಹನ ನಿಲ್ಲಿಸಿ, ಪ್ಯಾಂಟು ಮಡಿಚಿ, ಕೋಲು ಹಿಡಿದು ಮೊದಲು ನಡೆದೇ ದಾಟುತ್ತೇನೆ; ಕೋಲು ಮೊಳದಷ್ಟು ಇಳಿದರೆ ವಾಹನ ಈಚೆಯೇ ನಿಲ್ಲುತ್ತದೆ, ಪೂಜೆಯ ಪೆಟ್ಟಿಗೆ ಯಾರದ್ದಾದರೂ ತಲೆಯ ಮೇಲೆ ಆಚೆ ಹೋಗುತ್ತದೆ. ಈ ವಿವೇಕ ಬಂದದ್ದು ಒಮ್ಮೆ ಬಾಗಿಲ ಮಟ್ಟಕ್ಕೆ ಹೂತುಹೋದ ಮೇಲೆ. ಅಂದು ನಾಲ್ಕು ಎತ್ತುಗಳನ್ನು ಕಟ್ಟಿ ವಾಹನವನ್ನು ಎಳೆದು ತೆಗೆದ ರೈತ ಹಣ ಮುಟ್ಟಲಿಲ್ಲ. ಎತ್ತುಗಳಿಗೆ ಉಪ್ಪು ತಂದುಕೊಡಿ ಎಂದಷ್ಟೇ ಹೇಳಿದ.

ಮಳೆ ನಿಂತ ಮೇಲಾದರೂ ಸುಖವೇ ಎಂದರೆ, ಆಗ ಹುಲ್ಲಿನ ಕಾಟ. ಮೇ ತಿಂಗಳ ಹೊತ್ತಿಗೆ ಕಾಲುಹಾದಿಯ ನಡುವಿನ ಹುಲ್ಲು ಬಾನೆಟ್ಟಿಗಿಂತ ಎತ್ತರ ಬೆಳೆದು ಬೀಜಕಟ್ಟಿರುತ್ತದೆ. ಮೊದಲ ವರ್ಷ ಹೀಗೆ ಹೋಗುತ್ತಿದ್ದಾಗ ಎಂಜಿನ್ ಶಾಖದ ಮುಳ್ಳು ಕೆಂಪು ಗೆರೆಗೆ ಬಂತು. ರೇಡಿಯೇಟರಿನಲ್ಲಿ ನೀರು ಸೋರುತ್ತಿರಬೇಕೆಂದು ಮುಚ್ಚಳಕ್ಕೆ ಕೈಹಾಕಹೋದ ನನ್ನನ್ನು ಉಪದೇಶಿ ತೋಳು ಹಿಡಿದು ಹಿಂದಕ್ಕೆಳೆದರು. ಇಲ್ಲದಿದ್ದರೆ ಮುಖ ಬೆಂದುಹೋಗುತ್ತಿತ್ತು. ಅರ್ಧ ಗಂಟೆ ಕಾದು ಬಗ್ಗಿ ನೋಡಿದರೆ ರೇಡಿಯೇಟರಿನ ಮುಖವೇ ಕಾಣುತ್ತಿಲ್ಲ: ಬಾಣದಂಥ ಮುಳ್ಳುಬಾಲದ ಬೀಜಗಳು ಸಾವಿರಗಟ್ಟಲೆ ನಾಟಿಕೊಂಡು ಕಂಬಳಿ ಹೊದಿಸಿದಂತೆ ಗಾಳಿಯನ್ನೇ ತಡೆದಿದ್ದವು. ಸೈಕಲ್ಲಿನಲ್ಲಿ ಬಂದ ಇಬ್ಬರು ಹುಡುಗರು ಪೊರಕೆಕಡ್ಡಿಗಳನ್ನು ಮುರಿದು ಒಂದೊಂದೇ ಬೀಜವನ್ನು ಕೆದಕಿ ತೆಗೆಯತೊಡಗಿದರು. ನಾಲ್ವರು ಸೇರಿಯೂ ಎರಡು ಗಂಟೆ ಹಿಡಿಯಿತು. ಮರುದಿನವೇ ಕಿಟಕಿಗೆ ಹಾಕುವ ಸೊಳ್ಳೆಜಾಲರಿಯ ತುಂಡನ್ನು ಗ್ರಿಲ್ಲಿನ ಮುಂದೆ ತಂತಿಯಿಂದ ಬಿಗಿದೆ. ಹತ್ತು ಕಿ.ಮೀ.ಗೊಮ್ಮೆ ಇಳಿದು ಅದನ್ನು ಕೊಡವುತ್ತೇನೆ, ಬಗ್ಗಿ ಸೈಲೆನ್ಸರಿನ ಮೇಲೆ ಒಣಹುಲ್ಲು ಸಿಕ್ಕಿಕೊಂಡಿದೆಯೇ ಎಂದೂ ನೋಡುತ್ತೇನೆ. ಅಲ್ಲಿ ಸಿಕ್ಕ ಹುಲ್ಲು ಹೊತ್ತಿಕೊಂಡರೆ ವಾಹನವೇ ಉರಿಯುತ್ತದೆ.

ದಿನನಿತ್ಯದ ಬದುಕಿನ ಬಗ್ಗೆ ಊರಿನವರು ಕೇಳುವ ಮೊದಲ ಪ್ರಶ್ನೆ ಊಟದ್ದು. ಮೆಕ್ಕೆಜೋಳದ ಹಿಟ್ಟಿನಿಂದ ತೊಳಸಿದ ‘ನ್ಶಿಮಾ’ ಮೂರು ಹೊತ್ತೂ ಉಂಟು. ನಾನು ಕುಚ್ಚಲಕ್ಕಿಯವನು, ಗುರುಮಠದಲ್ಲಿ ಮಂಡ್ಯದ ಸಹಪಾಠಿಗಳು ಮುದ್ದೆಯನ್ನು ಹೊಗಳುವಾಗ ನಗುತ್ತಿದ್ದೆ. ಆ ಮುದ್ದೆಯ ರಾಗಿ ಪೂರ್ವ ಆಫ್ರಿಕಾದ ಮೂಲದ್ದೆಂದು ತಿಳಿದದ್ದು ಇಲ್ಲಿಗೆ ಬಂದ ಮೇಲೆ. ಮುದ್ದೆಯನ್ನು ಅಗಿಯದೆ ನುಂಗುತ್ತೇವೆ. ನ್ಶಿಮಾವನ್ನು ಅಂಗೈಯಲ್ಲಿ ಉಂಡೆ ಮಾಡಿ, ಹೆಬ್ಬೆರಳಿನಿಂದ ಗುಳಿ ತೆಗೆದು, ಶೇಂಗಾಪುಡಿ ಹಾಕಿ ಬೇಯಿಸಿದ ಕುಂಬಳದ ಎಲೆಯ ಪಲ್ಯವನ್ನು ಅದರಲ್ಲಿ ತುಂಬಿಕೊಂಡು ಅಗಿದೇ ತಿನ್ನಬೇಕು. ನುಂಗಿದರೆ ಮಕ್ಕಳು ನಗುತ್ತಾರೆ.

ಭಾಷೆ ಚಿನ್ಯಾಂಜಾ. ಕನ್ನಡಿಗನಿಗೆ ಇದರ ರಚನೆ ತೀರ ಅಪರಿಚಿತವಲ್ಲ: ನಾವು ಪ್ರತ್ಯಯಗಳನ್ನು ಪದದ ಬಾಲಕ್ಕೆ ಪೋಣಿಸಿದರೆ ಇವರು ಹೆಚ್ಚಿನವನ್ನು ತಲೆಗೆ ಪೋಣಿಸುತ್ತಾರೆ. ‘ಮುಂತು’ ಎಂದರೆ ಮನುಷ್ಯ, ‘ಅಂತು’ ಎಂದರೆ ಮನುಷ್ಯರು. ಆದರೆ ಒಂದು ಪದ ಮಾತ್ರ ನನ್ನನ್ನು ಮೊದಲ ವಾರವೇ ಮೂರ್ಖನನ್ನಾಗಿಸಿತು. ನಸುಕಿನಲ್ಲಿ ಯಾರೋ ಅಂಗಳದಲ್ಲಿ ನಿಂತು ‘ಓಡಿ! ಓಡಿ!’ ಎಂದು ಕೂಗಿದರು. ನಾನು ಹಾವೋ ಬೆಂಕಿಯೋ ಎಂದು ಬರಿಗಾಲಿನಲ್ಲಿ ಹಿತ್ತಲ ಬಾಗಿಲಿನಿಂದ ಓಡಿದೆ. ಇಲ್ಲಿ ಆ ಪದಕ್ಕೆ ‘ಒಳಗೆ ಬರಬಹುದೇ’ ಎಂದರ್ಥ; ಮನೆಯವರು ‘ಓಡಿನಿ’ ಎಂದು ಉತ್ತರಿಸಬೇಕು. ಟೊಮೆಟೊ ಮಾರಲು ಬಂದಿದ್ದ ಆ ಅಜ್ಜಿ ಈ ಕಥೆಯನ್ನು ಇಂದಿಗೂ ಎಲ್ಲರಿಗೂ ನಟಿಸಿ ತೋರಿಸುತ್ತಾರೆ. ದಾರಿಯಲ್ಲಿ ವಿಳಾಸ ಕೇಳುವುದಾದರೂ ವಾಹನ ನಿಲ್ಲಿಸಿ, ‘ಮುಲಿ ಬ್ವಾಂಜಿ’ ಎಂದು ಕ್ಷೇಮ ವಿಚಾರಿಸಿ, ಅವರು ತಿರುಗಿ ವಿಚಾರಿಸಿದ ಮೇಲೆಯೇ ವಿಷಯಕ್ಕೆ ಬರಬೇಕು. ಕಿಟಕಿಯಿಂದಲೇ ಊರಿನ ಹೆಸರು ಕೂಗಿ ಕೇಳಿದರೆ ದಾರಿ ತೋರಿಸುತ್ತಾರೆ, ಆದರೆ ಆ ಊರು ತಲುಪುವ ಮೊದಲೇ ನಿಮ್ಮ ಒರಟುತನದ ಸುದ್ದಿ ಅಲ್ಲಿಗೆ ತಲುಪಿರುತ್ತದೆ.

2024 ಕಷ್ಟದ ವರ್ಷ. ಮಳೆ ಕೈಕೊಟ್ಟಿತು, ಫೆಬ್ರವರಿ ಕೊನೆಯಲ್ಲಿ ಅಧ್ಯಕ್ಷರು ಬರವನ್ನು ರಾಷ್ಟ್ರೀಯ ವಿಪತ್ತೆಂದು ಘೋಷಿಸಿದರು. ಕರೀಬಾ ಜಲಾಶಯದ ನೀರು ತೀರ ತಗ್ಗಿದ್ದರಿಂದ ವಿದ್ಯುತ್ತು ದಿನಕ್ಕೆ ಕೆಲವೇ ಗಂಟೆ ಬರುತ್ತಿತ್ತು, ಅದೂ ಎಲ್ಲರೂ ಮಲಗಿದ ಮೇಲೆ. ಕಾಣಿಕೆಯ ಮೆರವಣಿಗೆಯಲ್ಲಿ ಮೆಕ್ಕೆಜೋಳದ ಬುಟ್ಟಿಗಳ ಬದಲು ಸಿಹಿಗೆಣಸು, ಕೆಲವೆಡೆ ಬರೀ ಸೌದೆಯ ಕಟ್ಟು ಬಂತು. ಅದನ್ನು ಹೊತ್ತು ತಂದವರೂ ಹಾಡಿಕೊಂಡು, ಹೆಜ್ಜೆ ಹಾಕಿಕೊಂಡೇ ಬಂದರು.

ಈಗ ನನಗೆ ಅತ್ಯಂತ ಕಷ್ಟವಾದ ವಿಷಯಕ್ಕೆ ಬರುತ್ತೇನೆ: ವಾಹನದಲ್ಲಿ ಯಾರನ್ನು ಹತ್ತಿಸಿಕೊಳ್ಳುವುದು? ಇಪ್ಪತ್ತು ಮೂವತ್ತು ಕಿ.ಮೀ. ನಡೆಯುವವರ ನಡುವೆ ನಾಲ್ಕು ಚಕ್ರವಿರುವವನು ನಾನೊಬ್ಬ. ಮೊದಲ ವರ್ಷ ಕೈ ತೋರಿಸಿದವರನ್ನೆಲ್ಲ ಹತ್ತಿಸಿದೆ. ಒಂದು ದಿನ ಹಿಂದೆ ಹದಿನೇಳು ಜನ, ಮೂರು ಮೂಟೆ ಶೇಂಗಾ, ಎರಡು ಆಡು. ಒಂದು ಗುಂಡಿಯಲ್ಲಿ ಸ್ಪ್ರಿಂಗಿನ ಪಟ್ಟಿ ಮುರಿದು ವಾಹನ ಒಂದು ಬದಿಗೆ ಕುಸಿಯಿತು. ಯಾರಿಗೂ ಏಟಾಗಲಿಲ್ಲವೆಂಬುದು ಕೃಪೆಯೇ ಹೊರತು ನನ್ನ ಜಾಣತನವಲ್ಲ. ಅಲ್ಲಿಂದ ನಿಯಮ ಮಾಡಿದೆ: ಹಿಂದೆ ಎಂಟೇ ಜನ, ಅಂಚಿನ ಮೇಲೆ ಯಾರೂ ಕೂರುವಂತಿಲ್ಲ, ಮೊದಲು ರೋಗಿಗಳು, ಗರ್ಭಿಣಿಯರು, ಮುದುಕರು. ನಿಯಮ ಒಳ್ಳೆಯದೇ, ಆದರೆ ಅದು ನನ್ನನ್ನು ಹಾದಿಬದಿಯ ನ್ಯಾಯಾಧೀಶನನ್ನಾಗಿಸಿತು. ಗೊಬ್ಬರದ ಮೂಟೆಯ ಪಕ್ಕ ಬಿಸಿಲಿನಲ್ಲಿ ನಿಂತಿದ್ದ ಒಬ್ಬರನ್ನು ಎಂಟು ತುಂಬಿತೆಂದು ಬಿಟ್ಟು ಮುಂದೆ ಹೋದೆ. ಮರುದಿನದ ಪೂಜೆಯಲ್ಲಿ ಮೊದಲ ವಾಚನ ಓದಲು ಎದ್ದು ಬಂದವರು ಅವರೇ. ಸ್ಫುಟವಾಗಿ, ಚೆನ್ನಾಗಿ ಓದಿದರು. ನಾನು ಅಂದಿನ ಪ್ರಬೋಧನೆಯನ್ನು ಐದು ನಿಮಿಷಕ್ಕೆ ಮುಗಿಸಿದೆ. ಈಗ ಹತ್ತಿಸುವ, ಇಳಿಸುವ ತೀರ್ಮಾನ ಉಪದೇಶಿಯದು. ಯಾರ ಮನೆಯಲ್ಲಿ ಯಾರಿಗೆ ಏನಾಗಿದೆ ಎಂಬುದು ಅವರಿಗೆ ಗೊತ್ತು, ನನಗೆ ಗೊತ್ತಿಲ್ಲ.

ಸಾವಿನ ಪ್ರಯಾಣಕ್ಕೆ ಮಾತ್ರ ಎಂಟರ ಲೆಕ್ಕ ಅನ್ವಯಿಸುವುದಿಲ್ಲ. ಪಟ್ಟಣದ ಆಸ್ಪತ್ರೆಯಲ್ಲಿ ತೀರಿಕೊಂಡವರನ್ನು ಹಳ್ಳಿಗೆ ತರುವ ಬಾಡಿಗೆ ಬಡ ಕುಟುಂಬಕ್ಕೆ ಒಂದು ಬೆಳೆಯ ಬೆಲೆ. ಕಳೆದ ಜೂನ್‌ನಲ್ಲಿ ದೂರದ ಉಪಕೇಂದ್ರದ ಒಬ್ಬ ತಾಯಿಯ ದೇಹವನ್ನು ತರಲು ಹೋದೆವು. ಪೆಟ್ಟಿಗೆಯನ್ನು ಹಿಂದೆ ಇಟ್ಟೊಡನೆ ಚಿಟೆಂಗೆ ಬಟ್ಟೆ ಸುತ್ತಿದ ಹೆಂಗಸರು ಅದರ ಇಬ್ಬದಿಯಲ್ಲೂ ನೆಲಕ್ಕೆ ಕುಳಿತು, ಕೈಗಳನ್ನು ಪೆಟ್ಟಿಗೆಯ ಮೇಲಿಟ್ಟು ಹಾಡತೊಡಗಿದರು. ಬಂಪರಿಗೆ ಸೊಪ್ಪಿನ ಟೊಂಗೆ ಕಟ್ಟಿ, ದೀಪ ಹಚ್ಚಿ, ಇಪ್ಪತ್ತರ ವೇಗದಲ್ಲಿ ಹೊರಟೆವು. ಎದುರಿನಿಂದ ಬಂದ ಕ್ಯಾಂಟರ್‌ಗಳು ರಸ್ತೆ ಬಿಟ್ಟು ಪಕ್ಕಕ್ಕೆ ನಿಂತವು. ಸೈಕಲ್ಲಿನವರು ಇಳಿದು ಟೋಪಿ ತೆಗೆದರು.

ಹಳ್ಳಿಯ ಹತ್ತಿರ ಮರಗಳ ನಡುವಿನಿಂದ ಮೂವರು ಮುಖವಾಡದವರು ಹಾದಿಗೆ ಬಂದರು. ಇಲ್ಲಿನ ಚೆವಾ ಜನರ ನ್ಯಾವು ಎಂಬ ಮುಖವಾಡ ನೃತ್ಯದ ಕೂಟದವರು. ಅವರ ‘ಗುಲೆ ವಾಮ್ಕುಲು’ ನೃತ್ಯ 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಹಿಂದಿನ ಮಿಷನರಿಗಳು ಇದನ್ನು ಪಿಶಾಚಿಯ ಕೆಲಸವೆಂದು ನಿಷೇಧಿಸಿ, ಜನ ಹಗಲು ದೇವಾಲಯಕ್ಕೂ ರಾತ್ರಿ ಸ್ಮಶಾನಕ್ಕೂ ಹೋಗುವಂತೆ ಮಾಡಿದರು. ಭೂತಕೋಲದ ತೆಂಬರೆಯ ಸದ್ದು ಕೇಳುತ್ತ ಬೆಳೆದ ನನಗೆ ಬಣ್ಣ ಹಚ್ಚಿದ ಮುಖದ ಹಿಂದೆ ಸತ್ತ ಹಿರಿಯರು ಮಾತಾಡುತ್ತಾರೆಂಬ ನಂಬಿಕೆ ವಿಚಿತ್ರವಲ್ಲ. ಆದರೆ ನನ್ನ ಪೂಜಾವಿಧಿಗೂ ಅದಕ್ಕೂ ನಡುವಿನ ಗೆರೆಯನ್ನು ನಾನು ಅಳಿಸುವುದೂ ಇಲ್ಲ. ಎಂಜಿನ್ ಆರಿಸಿ ಕಾದೆ. ಅವರು ಪೆಟ್ಟಿಗೆಯ ಸುತ್ತ ಒಮ್ಮೆ ಬಂದು, ಧೂಳೆಬ್ಬಿಸಿ, ದಾರಿ ಬಿಟ್ಟುಕೊಟ್ಟರು. ಹೆಂಗಸರ ಹಾಡು ನಿಲ್ಲಲೇ ಇಲ್ಲ.

ಸಮಾಧಿಯ ವಿಧಿ ಮುಗಿದು ಹೊರಟಾಗ ಹಿಂದೆ ಹದಿನಾಲ್ಕು ಜನ. ನಾನು ಎಣಿಸಿದ್ದನ್ನು ಉಪದೇಶಿ ನೋಡಿದರು, ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಊರೂರಲ್ಲಿ ಒಬ್ಬೊಬ್ಬರನ್ನೇ ಇಳಿಸುತ್ತ ಬಂದು, ಕೊನೆಗೆ ಉಳಿದದ್ದು ನಾವಿಬ್ಬರು ಮತ್ತು ಆ ಮನೆಯವರು ಕೊಟ್ಟ, ಚಿಟೆಂಗೆಯ ಚೂರಿನಿಂದ ಕಾಲು ಕಟ್ಟಿದ ಒಂದು ಕೋಳಿ. ಅಂಗಳ ತಲುಪಿದ ಮೇಲೆ ಟಾರ್ಚು ಹಿಡಿದು ಡ್ರಮ್ಮಿಗೆ ಕೋಲು ಇಳಿಸಿದೆವು. ನಾಲ್ಕು ಬೆರಳು. ಮುಂದಿನ ಭಾನುವಾರ ಗಡಿಯ ಉಪಕೇಂದ್ರದ ಸರದಿಯಿತ್ತು. ಗುರುಗಳು ಬರುವುದಿಲ್ಲ, ಪ್ರಾರ್ಥನೆ ನೀವೇ ನಡೆಸಿಕೊಳ್ಳಿ ಎಂಬ ಚೀಟಿಯನ್ನು ಉಪದೇಶಿ ಆ ರಾತ್ರಿಯೇ ಬರೆದು, ಬೆಳಿಗ್ಗೆ ಆ ಕಡೆ ಹೋಗುವ ಸೈಕಲ್ಲಿನವನ ಕೈಗೆ ಕೊಡಲು ಜೇಬಿನಲ್ಲಿಟ್ಟುಕೊಂಡರು.