ಮುಂಬೈ ಪಾಲಿಕೆ ಶಾಲೆಯ ಖರೀದಿ ಕಡತ ಬಿಚ್ಚಿ ನೋಡುವುದು ಹೇಗೆ?

ಶಾಲೆಗೆ ಬಂದ ಬೆಂಚಿನ ಬೆಲೆ ಜಾಸ್ತಿಯಾಯಿತು ಎಂದು ಕೂಗಾಡಿದರೆ ಸಾಗಣೆ, ಜಿಎಸ್‌ಟಿ, ಗ್ಯಾರಂಟಿ ಎಂದು ಹತ್ತು ಕಾರಣ ಹೇಳಿ ಕಳಿಸುತ್ತಾರೆ. ಬಿಲ್ಲಿಗಿಂತ ಹಿಂದಿನ ಕಾಗದ ಹಿಡಿಯಿರಿ. ಯಾರ ಬಳಿ ದರ ಕೇಳಿದರು, ಎಷ್ಟು ಜನ ಕೊಟ್ಟರು, ಉಳಿದವರನ್ನು ಯಾವ ಕಾರಣಕ್ಕೆ ಹೊರಗಿಟ್ಟರು ಎಂಬುದು ಅಲ್ಲಿರುತ್ತದೆ.

ಮೊದಲು ದುಡ್ಡು ಯಾವ ಬಾಗಿಲಿನಿಂದ ಹೋಯಿತು ನೋಡಿ. ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲೊಂದು. ಸಮವಸ್ತ್ರ, ಬೂಟು, ನೋಟ್‌ಬುಕ್ ಸೇರಿ ಮಕ್ಕಳಿಗೆ ಉಚಿತವಾಗಿ ಕೊಡುವ 27 ಸಾಮಗ್ರಿಗಳಿಗೆ ಕೇಂದ್ರ ಖರೀದಿ ವಿಭಾಗವನ್ನು ಕೇಳಿ. ಕಟ್ಟಡ ದುರಸ್ತಿಗೆ ಶಾಲಾ ಮೂಲಸೌಕರ್ಯ ಘಟಕವನ್ನು. ಕೇಂದ್ರದ ಶಾಲಾ ಯೋಜನೆ ಸಮಗ್ರ ಶಿಕ್ಷಾದ ವಾರ್ಷಿಕ ಶಾಲಾ ಅನುದಾನದ ಲೆಕ್ಕ ಮಾತ್ರ ಶಾಲೆಯಲ್ಲೇ ಸಿಗುತ್ತದೆ. ಆ ಮೊತ್ತ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ: 31ರಿಂದ 100ರವರೆಗೆ 25,000, 250ರವರೆಗೆ 50,000 ರೂಪಾಯಿ. ಇದಕ್ಕೆ ಮಾಹಿತಿ ಹಕ್ಕಿನ ಅರ್ಜಿಯ ಗೊಡವೆಯೇ ಬೇಡ. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನ ಪ್ರಕಾರ ಅನುದಾನದ ಮೇಲೆ ಕಣ್ಣಿಡುವುದು ಶಾಲಾ ನಿರ್ವಹಣಾ ಸಮಿತಿಯ ಕೆಲಸ, ಅದರ ಮುಕ್ಕಾಲು ಪಾಲು ಸದಸ್ಯರು ಪೋಷಕರೇ. ಸಭೆಯಲ್ಲಿ ಕ್ಯಾಶ್‌ಬುಕ್ ಮತ್ತು ವೋಚರ್ ಕೇಳಿ, ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ.

ದೊಡ್ಡ ಖರೀದಿಯಾದರೆ ಮೊದಲು ರಾಜ್ಯದ ಇ-ಟೆಂಡರ್ ತಾಣವಾದ ಮಹಾಟೆಂಡರ್ಸ್ ನೋಡಿ. ಟೆಂಡರ್ ಸಂಖ್ಯೆ ಹಾಕಿ ‘ಟೆಂಡರ್ ಸ್ಟೇಟಸ್’ ನೋಡಿದರೆ ಬಿಡ್ ಹಾಕಿದವರ ಹೆಸರು, ಗುತ್ತಿಗೆ ಯಾರಿಗಾಯಿತು ಎಂಬುದು ಸಾಮಾನ್ಯವಾಗಿ ಸಿಗುತ್ತದೆ. ತಿದ್ದುಪಡಿಗಳನ್ನು ಬಿಡದೆ ಓದಿ. ಕೊನೆ ಗಳಿಗೆಯಲ್ಲಿ ಅನುಭವದ ಷರತ್ತು ಬದಲಾಯಿಸುವುದು ಅಲ್ಲೇ.

ಉಳಿದದ್ದಕ್ಕೆ ಮಾಹಿತಿ ಹಕ್ಕಿನ ಅರ್ಜಿ. ಮಹಾರಾಷ್ಟ್ರದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ, 10 ರೂಪಾಯಿ ಕೋರ್ಟ್ ಫೀ ಸ್ಟ್ಯಾಂಪು. ಮರಾಠಿ, ಹಿಂದಿ ಅಥವಾ ಇಂಗ್ಲಿಷಿನಲ್ಲಿ ಬರೆಯಿರಿ, ಕನ್ನಡದ ಅರ್ಜಿ ಇಲ್ಲಿ ನಡೆಯದು. “ಇಷ್ಟು ದುಬಾರಿ ಯಾಕೆ?” ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ವಾಪಸ್ ಬರುತ್ತದೆ. ಕಾಗದದ ಹೆಸರು ಹಿಡಿದೇ ಕೇಳಿ: ಬೇಡಿಕೆ ಪತ್ರ, ಅಂದಾಜು ದರದ ಆಧಾರ, ಸ್ಪೆಸಿಫಿಕೇಶನ್, ಬಂದ ಎಲ್ಲ ಕೊಟೇಶನ್, ದರಗಳ ತುಲನಾ ಪಟ್ಟಿ, ವರ್ಕ್ ಆರ್ಡರ್, ಡೆಲಿವರಿ ಚಲನ್, ಸ್ಟಾಕ್ ರಿಜಿಸ್ಟರಿನ ಪುಟ. ದುರಸ್ತಿಯಾದರೆ ಆದ ಕೆಲಸದ ಅಳತೆ ಬರೆಯುವ ಮೆಜರ್‌ಮೆಂಟ್ ಬುಕ್ಕೂ ಬೇಕು. ಜೊತೆಗೆ ಕಡತವನ್ನು ಕೂತು ನೋಡುವ ಅವಕಾಶ ಕೇಳಿ. ಮೊದಲ ಗಂಟೆ ಉಚಿತ, ಆಮೇಲೆ ಪ್ರತಿ 15 ನಿಮಿಷಕ್ಕೆ 5 ರೂಪಾಯಿ. ಕಡತದಲ್ಲಿ ಮೊದಲು ಓದಬೇಕಾದ್ದು ಟಿಪ್ಪಣಿ ಹಾಳೆ. ಟೆಂಡರ್ ಕರೆಯದಿರಲು ‘ತುರ್ತು’ ಎಂದು ಯಾರು, ಯಾವ ದಿನ ಬರೆದರು ಎಂಬುದು ಅಲ್ಲಿರುತ್ತದೆ. ತುರ್ತೆಂದು ಬರೆದ ಮೇಲೆ ಮಾಲು ಬರಲು ನಾಲ್ಕು ತಿಂಗಳಾಗಿದ್ದರೆ ಬೇರೆ ಸಾಕ್ಷಿ ಯಾಕೆ?

ಈಗ ತುಂಡು ಖರೀದಿ, ಅಂದರೆ ಟೆಂಡರ್ ತಪ್ಪಿಸಲು ಒಂದೇ ಖರೀದಿಯನ್ನು ಚೂರು ಮಾಡುವುದು. ಮಹಾರಾಷ್ಟ್ರ ಸರ್ಕಾರದ 2016ರ ಡಿಸೆಂಬರ್ 1ರ ಖರೀದಿ ನಿಯಮದಲ್ಲಿ ಇ-ಟೆಂಡರಿನ ಮಿತಿ 3 ಲಕ್ಷ ಇತ್ತು, ಅದನ್ನು ದಾಟಿದರೆ ಇ-ಟೆಂಡರ್ ಕರೆಯಬೇಕಿತ್ತು. ಮಿತಿಗಳು ಬದಲಾಗುತ್ತಿರುತ್ತವೆ, ಖರೀದಿಯ ದಿನ ಪಾಲಿಕೆಗೆ ಅನ್ವಯಿಸುತ್ತಿದ್ದ ಸುತ್ತೋಲೆಯನ್ನೂ ಅರ್ಜಿಯಲ್ಲೇ ಕೇಳಿ. ಮಿತಿ 3 ಲಕ್ಷವಿದ್ದಾಗ ಒಂದೇ ತಿಂಗಳಲ್ಲಿ ಒಬ್ಬನೇ ಸರಬರಾಜುದಾರನಿಗೆ 2,94,000, 2,91,500, 2,96,000 ಎಂದು ಮೂರು ಆರ್ಡರ್ ಹೋಗಿದ್ದರೆ ಅದು 8,81,500 ರೂಪಾಯಿಯ ಒಂದೇ ಖರೀದಿ, ಕತ್ತರಿ ಆಡಿಸಿದ್ದಾರೆ ಅಷ್ಟೆ.

ಮೂರು ಕೊಟೇಶನ್‌ಗಳನ್ನು ಮೇಜಿನ ಮೇಲೆ ಒಟ್ಟಿಗೆ ಹರಡಿ. ಒಂದೇ ಕಾಗುಣಿತದ ತಪ್ಪು, ಒಂದೇ ದಿನಾಂಕ, ಎರಡನೆಯವನ ಪ್ರತಿ ದರವೂ ಮೊದಲನೆಯವನಿಗಿಂತ ಸರಿಯಾಗಿ ಶೇ 5 ಜಾಸ್ತಿ — ಇವು ಒಂದೇ ಕಂಪ್ಯೂಟರಿನಲ್ಲಿ ಹುಟ್ಟಿರಬಹುದು. ಜಿಎಸ್‌ಟಿ ಸಂಖ್ಯೆಯ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಕೋಡ್, ಮಹಾರಾಷ್ಟ್ರಕ್ಕೆ 27. ನಂತರದ ಹತ್ತು ಪ್ಯಾನ್. ಎರಡು ‘ಬೇರೆ’ ಅಂಗಡಿಗಳ ಪ್ಯಾನ್ ಒಂದೇ ಆಗಿದ್ದರೆ ಸ್ಪರ್ಧೆ ಕಾಗದದ ಮೇಲಷ್ಟೇ. ಟೆಂಡರಿಗೆ ಒಂದೇ ಬಿಡ್ ಬಂತೆಂದ ಮಾತ್ರಕ್ಕೆ ಅಕ್ರಮ ಎನ್ನಬೇಡಿ. ಬಿಡ್ ಹಾಕಲು ಎಷ್ಟು ದಿನ ಕೊಟ್ಟಿದ್ದರು, ಸ್ಪೆಸಿಫಿಕೇಶನ್ ಒಂದೇ ಬ್ರ್ಯಾಂಡಿಗೆ ಹೊಂದುವಂತಿತ್ತೇ ನೋಡಿ.

ಬೆಲೆ ಹೋಲಿಸುವಾಗ ಎಡವುವವರೇ ಹೆಚ್ಚು. ಬೆಂಚಿಗೆ 16 ಗೇಜ್ ಪೈಪ್ ಎಂದಿದ್ದರೆ ಗೋಡೆಯ ದಪ್ಪ ಸುಮಾರು 1.6 ಮಿಲಿಮೀಟರ್, 20 ಗೇಜ್ ಅಂದರೆ 0.9 ಮಾತ್ರ. ಗೇಜ್ ಸಂಖ್ಯೆ ಏರಿದಷ್ಟೂ ತಗಡು ತೆಳು. ಕಾಲಿನ ರಬ್ಬರ್ ಬೂಚು ತೆಗೆದು ಪೈಪಿನ ಬಾಯಲ್ಲಿ ವರ್ನಿಯರ್ ಕ್ಯಾಲಿಪರ್ ಇಡಿ, ಬಣ್ಣದ ಪದರ ಬಿಟ್ಟು ಅಳೆಯಿರಿ. ಮಾರುಕಟ್ಟೆ ದರವನ್ನೂ ಅದೇ ಗೇಜಿಗೆ, ಜಿಎಸ್‌ಟಿ ಮತ್ತು ಸಾಗಣೆ ಸೇರಿಸಿ ಬರೆಸಿಕೊಳ್ಳಿ.

ಮಾಹಿತಿ ಹಕ್ಕಿನ ಅರ್ಜಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ 20 ರೂಪಾಯಿ ಸ್ಟ್ಯಾಂಪಿನೊಂದಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗ. ವ್ಯಾಪಾರಿ ಗುಟ್ಟು ಎಂದು ಮಾಹಿತಿ ಹಕ್ಕು ಕಾಯ್ದೆಯ 8(1)(ಡಿ) ಕಲಮು ಮುಂದೆ ಮಾಡಿದರೆ, ಗುತ್ತಿಗೆ ಕೊಟ್ಟಾದ ಮೇಲೆ ದರದಲ್ಲಿ ಗುಟ್ಟೇನು ಎಂದು ಮೇಲ್ಮನವಿಯಲ್ಲಿ ಬರೆಯಿರಿ. ಗಡುವು ಮೀರಿದ ಮಾಹಿತಿಗೆ ಪ್ರತಿಯ ಶುಲ್ಕವಿಲ್ಲ, ಅದೇ ಕಾಯ್ದೆಯ ಕಲಮು 7(6).

ದೂರು ಬರೆಯುವಾಗ ‘ಭ್ರಷ್ಟಾಚಾರ’ ಎಂಬ ಪದ ಬಿಡಿ, ಮಾನನಷ್ಟದ ತಲೆನೋವು ಬೇಡ. ಆರ್ಡರ್ ಸಂಖ್ಯೆ, ದಿನಾಂಕ, ಮೊತ್ತ, ಮುರಿದ ನಿಯಮ ಇಷ್ಟನ್ನು ಒಂದು ಪುಟದಲ್ಲಿ ಬರೆದು ದೃಢೀಕೃತ ಪ್ರತಿಗಳನ್ನು ಲಗತ್ತಿಸಿ. ಆಯುಕ್ತರ ಕಚೇರಿಗೊಂದು, ಪಾಲಿಕೆಯ ಮುಖ್ಯ ಲೆಕ್ಕ ಪರಿಶೋಧಕರಿಗೊಂದು ಕೊಟ್ಟು ಎರಡಕ್ಕೂ ಆವಕ ಮುದ್ರೆ ಹಾಕಿಸಿಕೊಳ್ಳಿ. ಲಂಚ ಕೇಳಿದ್ದೇ ಗೊತ್ತಿದ್ದರೆ ನೇರ ಭ್ರಷ್ಟಾಚಾರ ನಿಗ್ರಹ ದಳದ 1064ಕ್ಕೆ.